ಎವಾರಿಸ್ಟೊನ ಒಂದು ಗಂಟೆ

ಬೆಳಿಗ್ಗೆ ಏಳೂವರೆ. ಎವಾರಿಸ್ಟೊ ಒಲೆ ಕೆದಕುವ ಸಲಾಕೆಯನ್ನು ನನ್ನ ತಲೆಗೆ ಗುರಿಯಿಟ್ಟು ಬೀಸಿದ.

ಬಗ್ಗಿದೆ. ಸಲಾಕೆ ಬಾಗಿಲ ಚೌಕಟ್ಟಿಗೆ ಬಡಿಯಿತು.

"ಮೀಟರ್ ಕೊಡಲ್ಲ! ಹೋಗ್ತಾ ಇರು!"

"ನಿನ್ನ ಮೀಟರ್ ಯಾರಿಗೆ ಬೇಕು ಅಜ್ಜಾ? ಬದುಕಿದ್ದೀಯಾ ಅಂತ ನೋಡೋಕೆ ಬಂದೆ!"

"ನೋಡಿದ್ಯಲ್ಲ? ನಡಿ!"

ಎಂದವನೇ ನನ್ನನ್ನು ತಳ್ಳಿ, ಬೀದಿಗಿಳಿದು ಓಡಿದ.

ಓಡಿದ ಎಂದರೆ... ನಗಬೇಡಿ. ಅವನಿಗೆ ಎಪ್ಪತ್ನಾಲ್ಕು. ನಮ್ಮ ಲೋಟಾ ಊರಿನ ಗಣಿ ಮುಚ್ಚುವವರೆಗೂ ಸಮುದ್ರದಡಿಯ ಸುರಂಗದಲ್ಲಿ ಕಲ್ಲಿದ್ದಲು ಕಡಿದವನು. ಎದೆಯಲ್ಲಿ ಧೂಳು, ರಕ್ತದಲ್ಲಿ ಸಕ್ಕರೆ, ಸೋತ ಹೃದಯ. ನಾನೋ, ಪೊಲೀಸ್ ಕೆಲಸ ಬಿಟ್ಟು ಮಂಡಿ ಸವೆಸಿಕೊಂಡವನು. ಇಬ್ಬರೂ ಗುಡ್ಡದ ಮೆಟ್ಟಿಲು ಇಳಿದೆವು. ಬೊಗಳಲು ಎದ್ದ ನಾಯಿಗಳು ನಮ್ಮ ವೇಗ ನೋಡಿ ಮತ್ತೆ ಮಲಗಿದವು.

ನನ್ನ ಕೆಲಸ ಹೇಳಿಬಿಡುತ್ತೇನೆ.

ಊರಿನ ಚಿಕಿತ್ಸಾಲಯದಲ್ಲಿ ಒಂದು ಪ್ರಯೋಗ ನಡೆದಿತ್ತು. ಹಲವು ಕಾಯಿಲೆಗಳನ್ನು ಒಟ್ಟಿಗೇ ಹೊತ್ತವರನ್ನು ಎರಡು ಗುಂಪು ಮಾಡಿದ್ದರು. ಹಳೇ ಗುಂಪಿನವರು ಮೊದಲಿನಂತೆ ಕಾಯಿಲೆಗೊಬ್ಬ ಡಾಕ್ಟರನ್ನು, ಕಾಯಿಲೆಗೊಂದು ದಿನ, ಕ್ಯೂ ನಿಂತು ನೋಡಬೇಕು. ಹೊಸ ಗುಂಪಿಗೆ ಒಬ್ಬಳೇ ನರ್ಸ್, ಯಾಸ್ನಾ. ಎಲ್ಲ ಕಾಯಿಲೆಗೂ ಸೇರಿ ತಿಂಗಳಿಗೊಮ್ಮೆ ಪೂರ್ತಿ ಒಂದು ಗಂಟೆ. ಮನೆಗೊಂದು ಸಕ್ಕರೆ ಮೀಟರ್. ಯಾರು ಯಾವ ಗುಂಪು? ಕಂಪ್ಯೂಟರ್ ಚೀಟಿ ಎತ್ತುತ್ತದೆ. ತಪ್ಪಿಸಿಕೊಂಡವರನ್ನು ಹುಡುಕುವವನು ನಾನು.

ಎವಾರಿಸ್ಟೊ ಹೊಸ ಗುಂಪು. ಮನೆಯ ಮೀಟರಿನಲ್ಲಿ ಅವನ ಸಕ್ಕರೆ ಮುನ್ನೂರೈವತ್ತು ದಾಟುತ್ತಿತ್ತು. ಯಾಸ್ನಾ ಇನ್ಸುಲಿನ್ ಏರಿಸುತ್ತ ಹೋದಳು. ಹಿಂದಿನ ಸಂಜೆ ಲ್ಯಾಬ್ ರಿಪೋರ್ಟ್ ಬಂತು... ಮೂರು ತಿಂಗಳ ಸರಾಸರಿ ಹತೋಟಿಯಲ್ಲೇ ಇತ್ತು! ಅಂಥವನು ಅಷ್ಟು ಇನ್ಸುಲಿನ್ ಚುಚ್ಚಿಕೊಂಡರೆ ನಿದ್ದೆಯಲ್ಲೇ ಹೋಗಿಬಿಡಬಹುದು. ಫೋನ್ ಎತ್ತುತ್ತಿರಲಿಲ್ಲ.

ಅದಕ್ಕೇ ನಾನು.

ಮೆಟ್ಟಿಲ ತಿರುವಿನಲ್ಲಿ ಅವನು ಗೋಡೆ ಹಿಡಿದು ಕುಸಿದ. ತುಟಿ ನೀಲಿಗಟ್ಟಿತ್ತು. ಕಣಕಾಲು ಊದಿ ಬೂಟಿನ ಅಂಚಿನಿಂದ ಹೊರಚೆಲ್ಲಿತ್ತು.

ಅವನ ಬೆರಳುಗಳನ್ನು ತಿರುಗಿಸಿ ನೋಡಿದೆ.

"ಚುಚ್ಚಿದ ಗುರುತೇ ಇಲ್ಲ! ದಿನಾ ಯಾರ ರಕ್ತ ನೋಡ್ತಿದ್ದೀಯ?"

ಅವನು ಬೆರಳು ಮಡಚಿಕೊಂಡ.

"ಇನ್ಸುಲಿನ್ ಯಾರಿಗೆ ಹೋಗ್ತಿದೆ?"

"ಒಟಿಲಿಯಾಗೆ."

ಅವನ ಹೆಂಡತಿ. ಚೀಟಿಯಲ್ಲಿ ಹಳೇ ಗುಂಪಿಗೆ ಬಿದ್ದವಳು.

"ಸಕ್ಕರೆ ಡಾಕ್ಟರ್ ಅವಳಿಗೆ ಸಿಗೋದು ಆಗಸ್ಟ್‌ಗಂತೆ. ಕಾಲಿನ ಹುಣ್ಣು ಆಗಸ್ಟ್‌ವರೆಗೂ ಕಾಯುತ್ತಾ ಮಗಾ? ಅದಕ್ಕೆ ಅವಳ ಬೆರಳು ಚುಚ್ಚಿದೆ. ಯಾಸ್ನಾ ಮುಂದೆ ಕೂತು ಅವಳ ಉರಿ, ಅವಳ ಬಾಯಾರಿಕೆ, ಅವಳ ತಲೆಸುತ್ತು... ಎಲ್ಲಾ ನಂದೇ ಅಂತ ಹೇಳಿದೆ. ಆ ಹುಡುಗಿ ಎಷ್ಟು ಚೆನ್ನಾಗಿ ಕೇಳ್ತಾಳೆ ಗೊತ್ತಾ?"

"ಕಾಲು ನೋಡೋಕೆ ಬೂಟ್ ಬಿಚ್ಚು ಅನ್ಲಿಲ್ವಾ?"

"ಅಂದ್ಲು. ಹೆಂಡ್ತಿ ಎದುರಿಗೂ ಬಿಚ್ಚಲ್ಲ ಅಂದೆ. ನಕ್ಕಳು."

"ಮತ್ತೆ ನಿನ್ನ ನೋವು?"

"ಟೈಮ್ ಸಾಲ್ಲಿಲ್ಲ."

ಯಾಸ್ನಾಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ತುಟಿ ನೀಲಿ ಅಂದ್ಯಾ? ಇಬ್ಬರನ್ನೂ ಕರ್ಕೊಂಡು ಬಾ. ಈಗಲೇ!"

"ಅವಳು ನಿನ್ನ ಗುಂಪಲ್ಲ. ನಿಯಮ..."

"ನಿಯಮ ನಾನು ನೋಡ್ಕೋತೀನಿ. ಬಾ!"

ಮೇಲಿಂದ ಒಟಿಲಿಯಾ ಇಳಿದು ಬಂದಳು. ಪಾದಕ್ಕೆ ಬ್ಯಾಂಡೇಜು, ಕೈ ಮೆಟ್ಟಿಲ ಕಂಬಿಯ ಮೇಲೆ. ಬೇಸಿಗೆಯಲ್ಲಿ ನೆಲಕ್ಕೆ ಕಾಲೂರಲಾಗದೆ ಮಲಗಿದ್ದವಳು!

"ಏನೋ ಮುದುಕಾ, ಓಡೋ ವಯಸ್ಸಾ ನಿಂದು?"

"ಪೊಲೀಸ್ ಮುಖ ಕಂಡ್ರೆ ಕಾಲು ತಾನೇ ಓಡುತ್ತೆ ಕಣೇ. ಮುಷ್ಕರದ ಕಾಲದ ಚಾಳಿ."

ಅವಳು ನಗಲಿಲ್ಲ. ಅವನ ತುಟಿಯನ್ನೇ ನೋಡುತ್ತಿದ್ದಳು.

ನನ್ನ ಕಾರಿನಲ್ಲಿ ಚಿಕಿತ್ಸಾಲಯ ಮುಟ್ಟಿದೆವು. ಯಾಸ್ನಾ ಆಂಬುಲೆನ್ಸಿಗೆ ಹೇಳಿದ್ದಳು. ಅವನ ಮೂಗಿಗೆ ಆಕ್ಸಿಜನ್ ಹಾಕಿ ಕುರ್ಚಿ ಹತ್ತಿರ ಎಳೆದುಕೊಂಡಳು.

"ಎವಾರಿಸ್ಟೊ ಅವರೇ, ಇವತ್ತು ನಿಮ್ಮದು ಮಾತ್ರ. ಎಲ್ಲಿ ನೋವು? ಯಾವಾಗಿಂದ?"

ಅವನು ಒಟಿಲಿಯಾಳತ್ತ ತಿರುಗಿದ.

"ಇವಳಿಗೆ ರಾತ್ರಿ ಹೊತ್ತು..."

"ನಿಂದು ಹೇಳೋ, ಕತ್ತೇ!" ಒಟಿಲಿಯಾ ಕಿರುಚಿದಳು.

ಅವನು ಯೋಚಿಸಿದ. ನಿಜವಾಗಿಯೂ ಯೋಚಿಸಿದ. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದವನಂತೆ ಎದೆಯ ಮೇಲೆ ಕೈಯಿಟ್ಟ.

"ಇಲ್ಲಿ..." ಎಂದ. "ಚಳಿಗಾಲದಿಂದ."

ಅಷ್ಟೇ ಹೇಳಿದ್ದು.

ಆಂಬುಲೆನ್ಸ್ ಕಾನ್ಸೆಪ್ಸಿಯೋನ್ ನಗರದ ಆಸ್ಪತ್ರೆ ತಲುಪುವ ಮೊದಲೇ ಎವಾರಿಸ್ಟೊ ತೀರಿಕೊಂಡ. ಒಟಿಲಿಯಾ ಅವನ ಬೂಟು ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ಪ್ರಯೋಗದ ಮುಖ್ಯಸ್ಥರಿಗೆ ಒಂದನ್ನೂ ಮುಚ್ಚಿಡದೆ ಹೇಳಿದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಕಣ್ಣುಜ್ಜಿದರು. ಕೆಟ್ಟ ಮನುಷ್ಯರಲ್ಲ.

"ಚೀಟಿಯಲ್ಲಿ ಯಾವ ಗುಂಪೋ, ಲೆಕ್ಕದಲ್ಲಿ ಕೊನೆವರೆಗೂ ಅದೇ ಗುಂಪು. ನಮಗೆ ಬೇಕಾದ ಹಾಗೆ ಬದಲಾಯಿಸಿದ್ರೆ ಅದು ಪ್ರಯೋಗ ಅಲ್ಲ, ಮೋಸ."

ಸರಿಯಾದ ಮಾತು.

ಯಾಸ್ನಾ ಕೆಲಸ ಮುಗಿಸಿ ಗುಡ್ಡ ಹತ್ತಿ ಒಟಿಲಿಯಾಳ ಬ್ಯಾಂಡೇಜು ಬದಲಿಸುತ್ತಿದ್ದಳು. ಆಗಸ್ಟಿನಲ್ಲಿ ಡಾಕ್ಟರ್ ನೋಡುವ ಹೊತ್ತಿಗೆ ಹುಣ್ಣು ಪೂರ್ತಿ ಮಾಯ್ದಿತ್ತು.

ಹೊಸ ಚಿಕಿತ್ಸೆ ಪಡೆದೂ ಸತ್ತವರ ಲೆಕ್ಕಕ್ಕೆ ಎವಾರಿಸ್ಟೊ ಸೇರಿದ. ಹಳೆಯ ಚಿಕಿತ್ಸೆಯಲ್ಲೇ ಗುಣವಾದವರ ಲೆಕ್ಕಕ್ಕೆ, ಒಟಿಲಿಯಾ.