ಕೆಂಪಿ ಹುಟ್ಟುವ ಕಲ್ಲು

ಆಳಗನ್ನಡಿ ಎಂಬ ಹೊಸ ಶೋಧಯಂತ್ರ ಐವತ್ತೆಂಟು ಮೀಟರ್ ಇಳಿದು ಕುಂದಾಪುರದ ಪಶ್ಚಿಮದ ಕಡಲತಳ ಮುಟ್ಟಿತು. ಅಲ್ಲಿ ಮೆಲ್ಲಗೆ ಸುತ್ತು ತಿರುಗುತ್ತ, ಕಂಡ ಕೆಂಪು ಪಾಚಿಯ ಒಂದೊಂದು ಗಿಡವನ್ನೂ ಅಳೆದು ಚಿತ್ರವನ್ನು ಮೇಲಿನ ದೋಣಿಗೆ ಕಳಿಸತೊಡಗಿತು. ಅಂಗೈಯಗಲದ ತೆಳು ಎಸಳು, ನೆರಿಗೆ ಹಿಡಿದಂಥ ಅಂಚು, ಗಿಡ್ಡ ತೊಟ್ಟು. ಅಷ್ಟು ಆಳಕ್ಕೆ ಇಳಿಯುವುದು ನೀಲಿ ಬೆಳಕು ಮಾತ್ರ. ಅದನ್ನು ಹೀರಿ ಬದುಕಲು ಗಿಡಕ್ಕೆ ಆ ಕೆಂಪು ಬಣ್ಣ ಬೇಕು. ಮೀನುಗಾರರು ಅದನ್ನು ಕೆಂಪಿ ಎನ್ನುತ್ತಿದ್ದರು.

ಹಳೆಯ ಕ್ಯಾಮೆರಾಗಳಿಗೆ ಗಿಡದ ಮೇಲ್ಭಾಗವಷ್ಟೇ ಕಾಣುತ್ತಿತ್ತು. ಆಳಗನ್ನಡಿಯಾದರೋ ಶಬ್ದದ ಅಲೆಗಳಿಂದ ಕೆಸರಿನೊಳಗೂ ನೋಡಬಲ್ಲದು. ಗಿಡವನ್ನು ತಳಕ್ಕೆ ಅಂಟಿಸುವ ಬಿಲ್ಲೆಯಂಥ ಭಾಗಕ್ಕೆ ದೋಣಿಯಲ್ಲಿದ್ದ ಪಾಚಿ ಸಂಶೋಧಕಿ ಡಾ. ನಿರುಪಮಾ ಐತಾಳರು 'ಹಿಡಿಬುಡ' ಎಂದು ಹೆಸರಿಟ್ಟಿದ್ದರು. ಅದನ್ನು ಕಣ್ಣಾರೆ ಕಂಡದ್ದು ಇದೇ ಮೊದಲು. ಅದು ಅಂಟಿದ್ದು ಬಂಡೆಗಲ್ಲ, ಮನೆ ಕಟ್ಟಲು ಬಳಸುವಂಥ ಒಂದು ಕೆಂಪು ಮುರಕಲ್ಲಿಗೆ. ಕಲ್ಲಿನಲ್ಲಿ ಹಗ್ಗ ಪೋಣಿಸಲು ಕೊರೆದ ತೂತು. ಎರಡನೆಯ ಗಿಡದ ಕೆಳಗೂ ಹಾಗೇ. ಅಲ್ಲಿ ಉಳಿದಿದ್ದ ಮೂವತ್ತೊಂದು ಗಿಡಗಳ ಕೆಳಗೂ ಹಾಗೇ.

ಒಂಬತ್ತು ವರ್ಷದ ಹಿಂದೆ ಅಲ್ಲಿ ನಾನೂರಕ್ಕೂ ಹೆಚ್ಚು ಗಿಡಗಳಿದ್ದವು. ಬೇರೆಲ್ಲೂ ಕಂಡಿರದ ಈ ಪಾಚಿಯನ್ನು ಬಲೆಗಳು ಕಿತ್ತುಹಾಕುತ್ತವೆ ಎಂದು ನಿರುಪಮಾ ಬರೆದ ವರದಿಯಿಂದಲೇ ಅಲ್ಲಿ ಮೀನುಗಾರಿಕೆ ನಿಂತಿತ್ತು. ಆಗ ಅಲ್ಲಿ ಬಲೆ ಬೀಸುತ್ತಿದ್ದ ಶೀನ ಮೊಗವೀರರು ಬಂದು ಹೇಳಿದ್ದರು: ಮಳೆಗಾಲ ಕಳೆದ ಮೊದಲ ದಿನ ಪ್ರತಿ ದೋಣಿಯೂ ಬಲೆಗೆ ಹೊಸ ಕಲ್ಲು ಕಟ್ಟುತ್ತದೆ, ಮುಳುಗಿದ ಕಲ್ಲನ್ನು ಮತ್ತೆ ದೋಣಿಗೆ ಹತ್ತಿಸಬಾರದೆಂದು ಹಗ್ಗ ಕೊಯ್ದು ಬಿಡುತ್ತಾರೆ, ಕೆಂಪಿ ಹುಟ್ಟುವುದು ಆ ಕಲ್ಲಿನ ಮೇಲೆ. ನಿರುಪಮಾ ತಲೆಯಾಡಿಸಿ ಕೇಳಿ, ವರದಿಯ ಅಡಿಯಲ್ಲಿ 'ಸ್ಥಳೀಯರ ನಂಬಿಕೆ, ಆಧಾರವಿಲ್ಲ' ಎಂದು ಬರೆದಿದ್ದರು.

ಆ ಕೆಸರಿನ ತಳದಲ್ಲಿ ಬೀಜಕಣಗಳಿಗೆ ಕೂರಲು ಬೇರೆ ಗಟ್ಟಿ ಜಾಗವಿಲ್ಲ. ಹೊಸ ಕಲ್ಲು ಬೀಳದ ಒಂಬತ್ತು ವರ್ಷಗಳಲ್ಲಿ ಹಳೆಯವು ಒಂದೊಂದಾಗಿ ಹೂತುಹೋಗಿದ್ದವು.

ಮಧ್ಯಾಹ್ನ ನಿರುಪಮಾ ಶೀನರ ಮನೆಗೆ ಹೋದರು. ಶೀನರ ಹೆಂಡತಿ ಬಚ್ಚಿ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದರು.

"ಈಗ ಎಂತಕ್ಕೆ ಬಂದ್ರಿ ಮೇಡಂ? ನಮ್ ಬಾವಿಯಂಗೂ ಗಿಡ ಕಂಡಿತಾ, ನೀರ್ ಸೇದುದ್ ನಿಲ್ಸುಕೆ?"

"ಸುಮ್ನಿರೇ," ಎಂದರು ಶೀನ. "ಕೂಕಣಿ ಅಮ್ಮಾ."

ನಿರುಪಮಾ ಕೂರಲಿಲ್ಲ. ಕಲ್ಲಿನ ಚಿತ್ರ ಮುಂದೆ ಹಿಡಿದರು. ಶೀನ ಅದನ್ನು ಕಣ್ಣಿನ ಹತ್ತಿರ ತಂದರು.

"ಇದ್ ನನ್ ಅಣ್ಣ ಕೊರ್ದ ಕಲ್ಲ್. ಅವ್ನ್ ತೂತ್ ಯಾವತ್ತೂ ಓರೆ."

"ನೀವು ಹೇಳಿದ್ದೇ ನಿಜ. ತಪ್ಪು ನನ್ನದು," ಎಂದರು ನಿರುಪಮಾ. "ವರದಿ ತಿದ್ದಿ ಕಳಿಸುತ್ತೇನೆ. ನಿಮ್ಮ ಕಡಲು ನಿಮಗೆ ಸಿಗಬಹುದು."

"ಇನ್ ಯಾರ್ ಹೋತ್ರ್?" ಎಂದರು ಬಚ್ಚಿ. "ದೋಣಿ ಮಾರಿ ಎಂಟ್ ವರ್ಷ ಆಯ್ತ್. ಇವ್ರೀಗ ಪೇಟಿಯಂಗೆ ದುಡ್ ಕೊಟ್ಟ್ ಮೀನ್ ತಕಂತ್ರ್. ಯಾರಾರೂ ಕಂಡ್ರೆ ನಾಚ್ಕಿ ಅಂದೇಳಿ ಮುಂಡಾಸ್ ಮುಖಕ್ ಎಳ್ಕಂಡ್."

ಬೈಗುಳಕ್ಕೆ ನಿರುಪಮಾ ಸಿದ್ಧರಾಗಿ ಬಂದಿದ್ದರು; ಇದಕ್ಕಲ್ಲ. ಅವರಿಗೆ ತಲೆ ಎತ್ತಲಾಗಲಿಲ್ಲ.

ಶೀನ ಇನ್ನೂ ಚಿತ್ರವನ್ನೇ ನೋಡುತ್ತಿದ್ದರು. "ಅದೆಲ್ಲ ಇರ್ಲಿ. ಈ ಮೂವತ್ತೊಂದ್ ಬದ್ಕತ್ತಾ ಅಮ್ಮಾ?"

"ಈ ವರ್ಷವೇ ಹೊಸ ಕಲ್ಲು ಬಿದ್ದರೆ ಬದುಕಬಹುದು."

ಶೀನ ಹೆಂಡತಿಯ ಕಡೆ ತಿರುಗಿದರು. "ಯಾರದ್ದಾರೂ ದೋಣಿ ಸಿಕ್ಕತ್ತಾ ಕೇಣ್ಕ್."

"ಮೀನ್ ಹಿಡುಕಾ?"

"ಅಲ್ಲ, ಕಲ್ಲ್ ಹಾಕುಕೆ. ಮೀನಿಂದ್ ಆಮೇಲ್ ಕಾಂಬ."

ಬಚ್ಚಿ ಮೊರ ಕೆಳಗಿಟ್ಟು ಎದ್ದರು. ಕಲ್ಲು ಹಾಕಲು ತಾನೂ ಬರಲೇ ಎಂದು ನಿರುಪಮಾ ಅಳುಕುತ್ತಲೇ ಕೇಳಿದರು.