ಮೂವತ್ತೆರಡನೇ ಪುಟ

ಅವನು ಕಾಗದವನ್ನು ನನ್ನ ಕೈಗೆ ತುರುಕಿ, ತಿರುಗಿಯೂ ನೋಡದೆ ಅಚ್ಚುಮೊಳೆಗಳ ಪೆಟ್ಟಿಗೆಯ ಕಡೆಗೆ ಓಡಿದ. ಎರಡು ವರ್ಷದಿಂದ ದೊಡ್ಡಪ್ಪನ ಅಚ್ಚುಕೂಟದಲ್ಲಿ ನಾವು ಎದುರುಬದುರು ಕೂತವರು. ಅವನು ಅಚ್ಚಿನ ಮೊಳೆ ಜೋಡಿಸುತ್ತಿದ್ದ, ನಾನು ಪುಟ ಮಡಚಿ ಹೊಲಿಯುತ್ತಿದ್ದೆ. ನಾನು ತಲೆ ಎತ್ತಿದಾಗಲೆಲ್ಲ ಅವನು ತಗ್ಗಿಸುತ್ತಿದ್ದ. ಕಿವಿ ಮಾತ್ರ ಕೆಂಪಾಗಿರುತ್ತಿತ್ತು.

ಕಾಗದ ಬಿಚ್ಚಿದೆ. ‘ಸೂಜಿ ಚುಚ್ಚಿದ ಬೆರಳನ್ನು ನೀವು ಬಾಯಲ್ಲಿಟ್ಟುಕೊಂಡರೆ ನನ್ನ ಕೆಲಸ ನಿಂತುಹೋಗುತ್ತದೆ...’

ಮೈಯೆಲ್ಲ ಉರಿಯಿತು. ಮೂವತ್ತೆರಡನೇ ಪುಟ!

ಮೇಷ್ಟ್ರೊಬ್ಬರು ಬರೆದ ಪ್ರೇಮಪತ್ರಗಳ ಕೈಪಿಡಿ ಅದು, ನಮ್ಮಲ್ಲೇ ಅಚ್ಚಾದದ್ದು. ಅದು ಬರುವ ಮೊದಲು ಊರಿನ ಗಂಡಸರು ‘ಇಲ್ಲಿ ಎಲ್ಲ ಕ್ಷೇಮ’ ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು. ಈಗ ಯಾರಿಗೂ ನಿದ್ದೆಯಿಲ್ಲ, ಎಲ್ಲರ ಎದೆಯೂ ನಡುಗುತ್ತದೆ, ಅದೂ ಅವೇ ಮಾತುಗಳಲ್ಲಿ. ಜನ್ಮದಲ್ಲಿ ಸೂಜಿ ಹಿಡಿಯದ ಪಕ್ಕದ ಮನೆ ಅತ್ತಿಗೆಗೂ ಗಂಡ ಅದೇ ಪುಟ ಬರೆದು ಕಳಿಸಿದ್ದ. ಅತ್ತಿಗೆ ನಕ್ಕು ನಕ್ಕು ಸುಸ್ತಾದರು.

ನನಗೆ ನಗು ಬರಲಿಲ್ಲ. ಇವನನ್ನು ಕಂಡರೆ ನನ್ನ ಎದೆ ಹೊಡೆದುಕೊಳ್ಳುವುದು ನಿಜವೋ, ಆ ಪುಟವನ್ನು ಐನೂರು ಸಲ ಮಡಚಿದ್ದರ ಫಲವೋ? ಅದೇ ಗೊತ್ತಾಗದೆ ಅಳು ಬಂತು.

ನೇರ ಅವನ ಮುಂದೆ ಹೋಗಿ ನಿಂತೆ. “ನಾಚಿಕೆ ಆಗಲ್ವಾ? ಪುಸ್ತಕ ನೋಡಿ ಬರೆದಿದ್ದೀರಲ್ಲ!”

“ಅದು... ಪುಸ್ತಕದ್ದಲ್ಲ.”

“ನಾನೇ ಹೊಲಿದ ಪುಸ್ತಕ. ನನಗೇ ಕಥೆ ಹೇಳ್ತೀರಾ?”

ಅವನ ಕೈಯಲ್ಲಿದ್ದ ಮೊಳೆಗಳು ನೆಲಕ್ಕೆ ಚೆಲ್ಲಿದವು.

ಸದ್ದಿಗೆ ದೊಡ್ಡಪ್ಪ ಒಳಗಿನಿಂದ ಬಂದರು. “ಏನ್ ಗಲಾಟೆ? ಎರಡನೇ ಮುದ್ರಣ ಶುರು ಮಾಡಬೇಕು. ಏ ಹುಡುಗಿ, ಆ ಮೂವತ್ತೆರಡನೇ ಪುಟ ಹಾಗೇ ಇರಲಿ, ಜನಕ್ಕೆ ಬಹಳ ಹಿಡಿಸಿದೆ. ಮೇಷ್ಟ್ರಿಗೆ ಮಾತ್ರ ಹೊಟ್ಟೆಯುರಿ.”

“ಅವರು ಬರೆದದ್ದಕ್ಕೆ ಅವರಿಗೇ ಹೊಟ್ಟೆಯುರಿನಾ?”

“ಅವರದ್ದೆಲ್ಲಿ? ಅವರು ಬರೆದದ್ದು ಮೂವತ್ತೊಂದನೇ ಪುಟಕ್ಕೇ ಮುಗೀತು. ಒಂದು ಪುಟ ಖಾಲಿ. ನನಗೆ ಖಾಲಿ ಪುಟ ಕಂಡರೆ ಆಗಲ್ಲ, ನಿನಗೆ ಗೊತ್ತಲ್ಲ. ಕಪಾಟಿನಲ್ಲಿ ಯಾವುದೋ ಪತ್ರ ಮೊಳೆಯಲ್ಲಿ ಜೋಡಿಸಿ ದಾರ ಕಟ್ಟಿಟ್ಟಿತ್ತು, ಅದನ್ನೇ ತುಂಬಿಸಿದೆ.”

ದೊಡ್ಡಪ್ಪನಿಗೆ ಇದು ಹಳೇ ಚಾಳಿ. ಪಂಚಾಂಗದ ಕೊನೆಗೆ ಕೆಮ್ಮಿನ ಔಷಧದ ಜಾಹೀರಾತು ಹಾಕಿದ ಮನುಷ್ಯ. ನಾನು ಅವನತ್ತ ತಿರುಗಿದೆ. ಅವನು ನೆಲದ ಮೇಲೆ ಮೊಳೆ ಹೆಕ್ಕುತ್ತಿದ್ದ.

“ನನ್ನ ಕೈಬರಹ ನೋಡಿದ್ರಲ್ಲ,” ಎಂದ ಮೆಲ್ಲಗೆ. “ಮೊಳೆಯಲ್ಲಾದ್ರೆ ಚೆಂದ ಇರುತ್ತೆ ಅಂತ ಜೋಡಿಸಿದ್ದೆ. ನಿಮಗೆ ಕೊಡೋಕೆ ಒಂದೇ ಒಂದು ಪ್ರತಿ ತೆಗೆಯೋಣ ಅಂತ. ಅಷ್ಟರಲ್ಲಿ ಅಚ್ಚಾಗಿಹೋಯ್ತು. ನೀವು ಓದಿದ್ರಿ, ಏನೂ ಹೇಳಲಿಲ್ಲ. ಇಷ್ಟವಿಲ್ಲ ಅಂದ್ಕೊಂಡೆ. ಆದ್ರೂ ಕೊನೇ ಸಲ ಅಂತ ಇವತ್ತು ಕೈಯಲ್ಲೇ ಬರೆದು ಕೊಟ್ಟೆ.”

ಅವನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತೆ. “ಪುಸ್ತಕದಲ್ಲಿ ಇಲ್ಲದ್ದು ಒಂದು ಹೇಳಿ, ನೋಡೋಣ.”

ಅವನು ಬಹಳ ಯೋಚಿಸಿದ. “ನೀವು ಬರದ ದಿನ ನನಗೆ ಹಸಿವಾಗಲ್ಲ. ಡಬ್ಬಿ ಹಾಗೇ ವಾಪಸ್ ಒಯ್ದು ಅಮ್ಮನ ಹತ್ರ ಬೈಸ್ಕೊಳ್ತೀನಿ.”

ಹಾಗೆ ಯಾವ ಪುಟದಲ್ಲೂ ಇರಲಿಲ್ಲ. ಎದೆ ಮತ್ತೆ ಹೊಡೆದುಕೊಂಡಿತು. ಈ ಸಲ ಅನುಮಾನ ಬರಲಿಲ್ಲ.

“ಏನೇ, ಆ ಪುಟ ಇರಲಿ ತಾನೆ?” ದೊಡ್ಡಪ್ಪ ಬಾಗಿಲಲ್ಲೇ ನಿಂತಿದ್ದರು.

“ಬೇಡ ದೊಡ್ಡಪ್ಪ, ತೆಗೀರಿ,” ಎಂದೆ. “ಅದು ನನಗೆ ಬರೆದ ಕಾಗದ.”