ಓರೆಯಾದ ಪರಮಾಣು

"ಕುಂತು ಕುಂತು ಯೋಚನಿ ಮಾಡೋದು ಬಿಟ್ಟು ನಿಮ್ಮ ಗ್ರೀಕರು ವಿಜ್ಞಾನಕ್ಕ ಏನರೆ ಕೊಟ್ಟಾರೇನ್ರಿ?"

ಶಹಾಪುರದ ಕಾಲೇಜಿನಲ್ಲಿ ಸಂಘಮಿತ್ರಾ ಭೌತಶಾಸ್ತ್ರ ಕಲಿಸುತ್ತಾಳೆ, ಚೇತನಕುಮಾರ ತತ್ವಶಾಸ್ತ್ರ. ಈ ಜಗಳ ಹಳೆಯದು. ಇವತ್ತು ಮಾತ್ರ ಅವಳ ದನಿಯಲ್ಲಿ ನಗೆಯಿರಲಿಲ್ಲ. ನಾಳೆ ಯಾದಗಿರಿಯ ಮನೆಗೆ ಅವಳನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ. ಮಧ್ಯಾಹ್ನವೇ ಅವನಿಗೆ ಹೇಳಿದ್ದಳು. ಈ ಪುಣ್ಯಾತ್ಮ ಬಸ್ ಸ್ಟ್ಯಾಂಡಿಗೆ ಬಂದರೂ ಗ್ರೀಸಿನಲ್ಲೇ ಅಡ್ಡಾಡುತ್ತಿದ್ದ.

"ಅವರೊಳಗ ಕೆಲವ್ರು ಏನಂದ್ರು ಕೇಳ್ರಿ. ಪರಮಾಣು ಎಲ್ಲಾ ಮಳಿಹನಿ ಹಂಗ ನೆಟ್ಟಗ ಬೀಳ್ತಿದ್ವಂತ. ಒಂದಕ್ಕೊಂದು ತಾಗಂಗಿಲ್ಲ. ಯಾವುದೋ ಒಂದು, ಕಾರಣ ಇಲ್ಲದ, ಚೂರು ಓರಿ ಆತು. ಇನ್ನೊಂದಕ್ಕ ತಾಗ್ತು. ಹಂಗ ಜಗತ್ತು ಆತು."

"ಯುರೇನಿಯಂದಾಗ ಯಾವ ಪರಮಾಣು ಯಾವಾಗ ಒಡಿತದಂತ ನಾವೂ ಹೇಳಾಕ ಬರಂಗಿಲ್ಲ," ಎಂದಳು, ಒಲ್ಲದ ಮನಸ್ಸಿನಿಂದ.

"ನೋಡ್ರಿ ಮತ್ತ!" ಅವನ ಕಣ್ಣು ಅರಳಿದವು. ಆ ಕಣ್ಣುಗಳ ಮೇಲೆ ಅವಳಿಗೆ ಪ್ರೀತಿಯೂ ಬಂತು, ಮೈಯೆಲ್ಲ ಉರಿಯುವಷ್ಟು ಸಿಟ್ಟೂ ಬಂತು.

"ನಿಮ್ಮ ಮನ್ಯಾಗ ನನ್ನ ಹೆಸರು ಹೇಳೀರೇನ್ರಿ?"

ಅವನು ತಲೆ ತಗ್ಗಿಸಿದ. ಬೌದ್ಧರ ಹುಡುಗಿ ಎಂದರೆ ಸುರಪುರದ ಅವನ ಲಿಂಗಾಯತ ಮನೆಯಲ್ಲಿ ಮುಂದಿನ ಮಾತು ಯಾರೂ ಕೇಳುವುದಿಲ್ಲ. ಇಬ್ಬರಿಗೂ ಗೊತ್ತಿತ್ತು.

ಯಾದಗಿರಿ ಬಸ್ಸು ಬಂತು. ದಿನದಂತೆ ಅವನು ಕಿಟಕಿಯಿಂದ ಕರ್ಚೀಫು ಎಸೆದು ಅವಳಿಗೆ ಸೀಟು ಹಿಡಿದ. ಮರುದಿನ ಅವಳು ಅದನ್ನು ಒಗೆದು ಮರಳಿಸುವುದು ಇಬ್ಬರ ಪದ್ಧತಿ. ಆಮೇಲೆ ಅವನು ಬಾಜುವಿನ ಸುರಪುರ ಬಸ್ಸಿನ ಕಡೆ ನಡೆದ. ದಿನಾ ಕಿಟಕಿಗೆ ಕಿಟಕಿ ಎದುರಾಗಿ ಕೂತು ನಗುತ್ತಿದ್ದರು. ಇವತ್ತು ಅವಳು ಆ ಕಡೆ ನೋಡಲಿಲ್ಲ.

"ಬಾಜು ಸೀಟ್ ಖಾಲಿ ಅದೇನವ್ವ?" ಬುಟ್ಟಿ ಹಿಡಿದ ಮುದುಕಿ ಕೇಳಿದಳು.

ಏನನ್ನಿಸಿತೋ, ಸಂಘಮಿತ್ರಾ ಕರ್ಚೀಫನ್ನು ಪಕ್ಕದ ಸೀಟಿನ ಮೇಲೆ ಹಾಸಿದಳು. "ಇಲ್ಲಬೇ, ಒಬ್ರು ಬರೋರದಾರ." ಬರುತ್ತೇನೆಂದು ಯಾರೂ ಹೇಳಿರಲಿಲ್ಲ.

ಸುರಪುರ ಬಸ್ಸು ಹೊರಟೇಹೋಯಿತು. ಅವಳ ಕಣ್ಣು ತುಂಬಿದವು.

"ಸರ್, ನಿಮ್ಮ ಬಸ್ ಹೋಯ್ತಲ್ರಿ!" ಕಂಡಕ್ಟರ್ ಇನಾಯತ ಬಾಗಿಲಲ್ಲಿ ಕೂಗಿದ.

"ಹೋಗ್ಲಿ ಬಿಡ್ರಿ. ಯಾದಗಿರಿಗಿ ಒಂದು ಕೊಡ್ರಿ."

ಚೇತನಕುಮಾರ ಕರ್ಚೀಫು ಎತ್ತಿ ಕೂತ. ಫೋನು ಇನ್ನೂ ಕೈಯಲ್ಲೇ ಇತ್ತು.

"ಅವ್ವಗ ನಿಮ್ಮ ಹೆಸರು ಹೇಳಿದೆ."

"ಏನಂದ್ರು?"

"ಫೋನ್ ಕಟ್ ಮಾಡಿದಳು." ಫೋನನ್ನು ಜೇಬಿಗೆ ಹಾಕಿದ. "ಈಗ ನಿಮ್ಮಪ್ಪಾರ ಮುಂದ ಹೇಳಾಕ ಹೊಂಟೇನಿ. ನೀವು ಹೂಂ ಅಂದ್ರ."

"ಹೂಂ," ಎಂದಳು. ಆದರೂ ಕೆಣಕದೆ ಇರಲಾಗಲಿಲ್ಲ. "ಕಾರಣ ಇಲ್ಲದ ಓರಿ ಆದ್ರೇನ್ರಿ?"

"ಪರಮಾಣುಗ ಕಾರಣ ಇರಲಿಕ್ಕಿಲ್ರಿ. ನನಗ ಅದ."

ಅವಳು ಕರ್ಚೀಫು ಕಸಿದುಕೊಂಡು ಕಣ್ಣೊರೆಸಿಕೊಂಡಳು. ಅದನ್ನು ಅವನಿಗೆ ಮತ್ತೆಂದೂ ಮರಳಿಸಲಿಲ್ಲ.